ಗುಡ್ಡ ಬಲಕ್ಕೆ, ಗಿರಣಿ ಎಡಕ್ಕೆ

ಜನವರಿ 11

ಸೊಸೆಗೆ,

ಮನೆ ಬಿಟ್ಟು ಹೋಗುವಾಗ ನೀನು ಬಟ್ಟೆ, ಪುಸ್ತಕ, ಹೊಲಿಗೆ ಯಂತ್ರ ಎಲ್ಲ ನೆನಪಿಟ್ಟು ತೆಗೆದುಕೊಂಡು ಹೋದೆ. ಹಿಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ನಿನ್ನ ಬಿಳಿ ಸೈನ್ಯ ಮಾತ್ರ ಹಾಗೇ ನಿಂತಿದೆ. ಮರೆತೆಯೋ, ಬೇಕೆಂದೇ ಬಿಟ್ಟೆಯೋ ತಿಳಿಯಲಿಲ್ಲ. ನಿನ್ನೆ ಮಗ ಬೀರುವಿನ ಮುಂದೆ ನಿಂತು "ಅವಳದ್ದು ಏನೇನಿದೆಯೋ ಎಲ್ಲ ಕಳಿಸಿಬಿಡಿ ಅಪ್ಪ, ಆಮೇಲೆ ಮಾತು ಬರೋದು ಬೇಡ" ಅಂದ. ಅವನ ಲೆಕ್ಕದಲ್ಲಿ ಅವು ಸಾಮಾನು. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಗೊಂಬೆ ಸಿಪಾಯಿಗೆ ಯಾರೋ ಪುಣ್ಯಾತ್ಮರು ಹುಬ್ಬು ಕೂಡ ಬರೆದಿದ್ದಾರೆ ಎಂದು ಅವನಿಗೆ ತೋರಿಸಲು ಹೋಗಲಿಲ್ಲ.

ಮೇಜು ಇದ್ದಲ್ಲೇ ಇದೆ. ಕಳೆದ ಭಾನುವಾರ ರೂಢಿಯ ಮೇಲೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಎದುರಿಗೆ ನಿನ್ನ ಕುರ್ಚಿ. ಅದರ ಮೇಲೆ ನಿನ್ನ ಅತ್ತೆ ಇಸ್ತ್ರಿ ಬಟ್ಟೆ ಪೇರಿಸಿದ್ದಾಳೆ. ಅದರ ಹಿಂದೆ ಕಿಟಕಿ, ಕಿಟಕಿಯಾಚೆ ಬೀದಿ. ಆರು ವರ್ಷ ಭಾನುವಾರ ತಪ್ಪದೆ ನಾವಿಬ್ಬರೂ ಆ ಮೇಜಿನ ಮೇಲೆ ಇನ್ನೂರು ವರ್ಷದ ಹಿಂದಿನ ತುಪಾಕಿ, ಫಿರಂಗಿ, ಕುದುರೆಗಳ ಯುದ್ಧಗಳನ್ನು ಮತ್ತೆ ಮತ್ತೆ ಆಡಿದೆವು. ನೀಲಿ ಕೋಟಿನವರು ನನ್ನವರು, ಬಿಳಿ ಕೋಟಿನವರು ನಿನ್ನವರು. ನೀನು ತಲೆ ತಗ್ಗಿಸಿ ಯೋಚಿಸುತ್ತಿದ್ದರೆ ನಾನು ನಿನ್ನ ತಲೆಯ ಮೇಲಿಂದ ಬೀದಿ ನೋಡುತ್ತಾ ಯಾರು ಬಂದರು, ಯಾರು ಹೋದರು ಎಂದು ವರದಿ ಕೊಡುತ್ತಿದ್ದೆ. ಈಗಲೂ ಜನ ಓಡಾಡುತ್ತಾರೆ. ವರದಿ ಕೇಳುವವರಿಲ್ಲ.

ಸೈನ್ಯ ಕಳಿಸಲೇ, ಇಟ್ಟುಕೊಳ್ಳಲೇ? ನೀನು ಹೇಳಿದ ಹಾಗೆ.

ಇತಿ,
ಮಾವ


ಜನವರಿ 20

ಮಾವನವರಿಗೆ,

ಮರೆಯಲಿಲ್ಲ. ಸೈನ್ಯ ತೆಗೆದುಕೊಳ್ಳಲು ಎರಡು ಸಲ ಆ ಕೋಣೆಯ ಬಾಗಿಲ ತನಕ ಬಂದೆ. ಎರಡು ಸಲವೂ ನೀವು ಬಾಗಿಲಿಗೆ ಬೆನ್ನು ಹಾಕಿ ಒಂದೇ ಫಿರಂಗಿಯನ್ನು ಒರೆಸುತ್ತಾ ಕೂತಿದ್ದಿರಿ. ಅದರಲ್ಲಿ ಅಷ್ಟು ಧೂಳು ಇರಲಿಲ್ಲ. ವಾಪಸು ಹೋದೆ.

ಇಲ್ಲಿ ಒಂದು ಲಾಂಡ್ರಿಯ ಮೇಲೆ ಕೋಣೆ ಸಿಕ್ಕಿದೆ. ಮಧ್ಯಾಹ್ನದ ತನಕ ಕೆಳಗಿನಿಂದ ಬಿಸಿ ಹಬೆ ಬರುತ್ತದೆ, ಚಳಿಗೆ ಒಳ್ಳೆಯದೇ. ಕನ್ನಡಕದ ಅಂಗಡಿಯಲ್ಲಿ ಕೆಲಸ, ನಿಮ್ಮೂರಿನಲ್ಲಿ ಮಾಡುತ್ತಿದ್ದುದೇ. ಕತ್ತಲೆ ಕೋಣೆಯಲ್ಲಿ ಜನರನ್ನು ಎದುರಿಗೆ ಕೂರಿಸಿ, ಗಾಜು ಬದಲಿಸಿ ಬದಲಿಸಿ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಸಂಜೆಯ ತನಕ ಕೇಳುವುದು. ಮನೆಗೆ ಬಂದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅದೂ ಒಂದು ಆರಾಮ.

ಸೈನ್ಯ ನಿಮ್ಮ ಹತ್ತಿರವೇ ಇರಲಿ. ಎದುರಾಳಿ ಇಲ್ಲದ ಸೈನ್ಯ ಷೋಕೇಸಿಗೆ ಸರಿ, ನನ್ನ ಹತ್ತಿರ ಷೋಕೇಸ್ ಇಲ್ಲ. ಅತ್ತೆಯವರ ಮೊಣಕಾಲು ಹೇಗಿದೆ?

ಇತಿ,
ಸೊಸೆ


ಜನವರಿ 29

ಸೊಸೆಗೆ,

ಮೊಣಕಾಲು ಅವಳ ಮಾತಿನಷ್ಟು ಓಡುವುದಿಲ್ಲ, ಉಳಿದಂತೆ ಚೆನ್ನಾಗಿದೆ.

ಸೈನ್ಯವನ್ನು ಪಾರ್ಸೆಲ್ ಮಾಡಿದ್ದೇನೆ. ಬೈಯಬೇಡ, ಮುಂದೆ ಓದು. ನಮ್ಮ ಯುದ್ಧದಾಟದ ಕ್ಲಬ್ಬಿನಲ್ಲಿ ಹಿಂದೆ ಇಬ್ಬರು ಹಿರಿಯರಿದ್ದರು. ಒಬ್ಬರಿಗೆ ಬೇರೆ ಊರಿಗೆ ವರ್ಗವಾದಾಗ ಇಬ್ಬರೂ ಕಾಗದದ ಮೇಲೆ ಯುದ್ಧ ಮುಂದುವರಿಸಿದರು. ಇವರ ಮನೆಯಲ್ಲೊಂದು ಮೇಜು, ಅವರ ಮನೆಯಲ್ಲೊಂದು ಮೇಜು. ಒಬ್ಬರು ತಮ್ಮ ನಡೆ ಬರೆದು ಅಂಚೆಗೆ ಹಾಕಿದರೆ ಇನ್ನೊಬ್ಬರು ತಮ್ಮ ಮೇಜಿನ ಮೇಲೂ ಹಾಗೇ ನಡೆಸುವುದು. ದಾಳ ಹಾಕಿದವರೇ ಎಷ್ಟು ಬಿತ್ತೆಂದು ಹೇಳುವುದು. ಸುಳ್ಳು ಹೇಳಿದರೆ ಅವರವರ ಮನಸ್ಸಿಗೆ ಗೊತ್ತು. ಫೋನಿನಲ್ಲಿ ಬೇಡ. ಬಾಯಿಮಾತಿನ ನಡೆಯನ್ನು ಯಾರು ಬೇಕಾದರೂ ಹಿಂದಕ್ಕೆ ತಗೊಳ್ಳಬಹುದು. ಫೋಟೋ ಅಂತೂ ಬೇಡವೇ ಬೇಡ. ಕಣ್ಣಿಗೆ ಬೀಳದ ಹಾಗೆ ಒಂದು ಮೀಸಲು ದಂಡು ಇಟ್ಟುಕೊಂಡು ಕೊನೆಯ ತನಕ ಬಾಯಿ ಬಿಡದಿರುವ ಹಕ್ಕು ಇಬ್ಬರಿಗೂ ಇದೆ.

ಇದಕ್ಕೆಲ್ಲ ಒಂದೇ ಷರತ್ತು: ಎರಡು ಮೇಜೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಆಟ ಆಟವೇ ಅಲ್ಲ, ಆಡಿದ್ದು ಲೆಕ್ಕಕ್ಕಿಲ್ಲ. ತಮ್ಮ ಗುಡ್ಡ ತಾವೇ ಕೊರೆದು ತಮ್ಮ ಸಿಪಾಯಿಗೆ ತಾವೇ ಬಣ್ಣ ಹಚ್ಚುವ ಕ್ಲಬ್ಬಿನವರು ನನ್ನನ್ನು "ಕೊಂಡ ಸೈನ್ಯದ ದೊರೆ" ಎಂದು ಆಡಿಕೊಳ್ಳುತ್ತಿದ್ದುದು ನಿನಗೆ ಗೊತ್ತಲ್ಲ. ಆಡಿಕೊಳ್ಳಲಿ. ನಾನು ನಲವತ್ತು ವರ್ಷ ಊರವರ ಬಾಯಿಗೆ ಹಲ್ಲಿನ ಸೆಟ್ ಕಟ್ಟಿಕೊಟ್ಟವನು. ಒಬ್ಬರ ಸೆಟ್ ಇನ್ನೊಬ್ಬರಿಗೆ ಆಗುವುದಿಲ್ಲ, ಒಂದೊಂದಕ್ಕೂ ಬೇರೆ ಅಚ್ಚು, ಬೇರೆ ಉಜ್ಜಾಟ. ರೆಡಿಮೇಡಿನ ಸುಖ ಏನೆಂದು ನನ್ನನ್ನು ಕೇಳಬೇಕು. ಒಂದೇ ಅಚ್ಚಿನಿಂದ ಬಿದ್ದ ಗುಡ್ಡ ನನ್ನ ಮನೆಯಲ್ಲಿದ್ದರೂ ಅದೇ, ನಿನ್ನ ಲಾಂಡ್ರಿಯ ಮೇಲಿದ್ದರೂ ಅದೇ.

ಬೇಕಾದದ್ದು ಇಷ್ಟು: ಹೊಳೆ ಅಚ್ಚಾಗಿರುವ ಹಸಿರು ಬಟ್ಟೆ, ಎರಡು ಕಮಾನಿನ ಕಲ್ಲು ಸೇತುವೆ, ದೊಡ್ಡ ಸೈಜಿನ ಗುಡ್ಡ, ಕೆಂಪು ಹೆಂಚಿನ ಗಿರಣಿ. ಹಳೆಯದಾದರೂ ಅಡ್ಡಿಯಿಲ್ಲ. ಪ್ರತಿಯೊಂದರ ಅಡಿಯಲ್ಲಿ ಅಚ್ಚಿನ ನಂಬರ್ ಇರುತ್ತದೆ, ಪಾರ್ಸೆಲ್ಲಿನಲ್ಲಿ ಬರೆದಿಟ್ಟಿದ್ದೇನೆ.

ಇತಿ,
ಮಾವ


ಫೆಬ್ರವರಿ 24

ಮಾವನವರಿಗೆ,

ಸೈನ್ಯ ಬಂತು. ಹಲ್ಲಿನ ಸೆಟ್ ಸುತ್ತುವ ಹತ್ತಿಯಲ್ಲಿ ಒಬ್ಬೊಬ್ಬರನ್ನೂ ಸುತ್ತಿದ್ದೀರಿ. ಬಿಚ್ಚುವುದಕ್ಕೆ ಒಂದು ಸಂಜೆ ಹಿಡಿಯಿತು. ಓರೆಗಣ್ಣಿನ ತಮಟೆಯವನ ಕೋಲು ಸ್ವಲ್ಪ ಬಾಗಿತ್ತು, ಹಬೆ ತಾಗಿಸಿ ನೇರ ಮಾಡಿದೆ.

ಬೇಡ ಎಂದು ಬರೆಯಲು ಕಾಗದ ತೆಗೆದೆ. ಬರೆಯುವ ಮೊದಲು ಸುಮ್ಮನೆ ನೋಡೋಣ ಎಂದು ಹಳೆ ಆಟಿಕೆ ಅಂಗಡಿಗೆ ಹೋದೆ. ಹೋದವಳು ಸೇತುವೆ ಹಿಡಿದುಕೊಂಡು ಬಂದೆ. ಬಟ್ಟೆ ಹೊಸದೇ ತರಿಸಿದೆ. ಗಿರಣಿ ಒಬ್ಬರು ತೀರಿಕೊಂಡವರ ಮನೆಯ ಸಾಮಾನಿನ ಜೊತೆ ಬಂದದ್ದು. ಬಾಗಿಲಿಗೆ ಯಾರೋ ಕೂದಲೆಳೆಯ ಕುಂಚದಲ್ಲಿ ಚಿಲಕ ಬರೆದಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಚಿಲಕಕ್ಕೆ ಬೀಗವೂ ಇದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಗೊತ್ತಿದ್ದೂ ಬರೆದಿದ್ದಾರಲ್ಲ, ಅಂಥವರು ಮನೆಯಲ್ಲಿ ಹೇಗಿದ್ದರೋ ಎಂದು ಯೋಚಿಸಿದೆ.

ಗುಡ್ಡ ಮಾತ್ರ ಸತಾಯಿಸಿತು. ಆ ಅಚ್ಚು ಈಗ ಹೊಡೆಯುವುದಿಲ್ಲವಂತೆ. ಅಂಗಡಿಯವನು ಬೇರೆ ಗುಡ್ಡ ತೋರಿಸಿ "ಇದೂ ಗುಡ್ಡಾನೇ ಅಲ್ವಾ ಮೇಡಂ" ಅಂದ. ನಾನು ಅಡಿ ತಿರುಗಿಸಿ ನಂಬರ್ ನೋಡಿ ವಾಪಸು ಕೊಟ್ಟೆ. ನಾಲ್ಕನೇ ಸಲ ಹೋದಾಗ ಅವನೇ ಉಗ್ರಾಣದ ಮೂಲೆಯಿಂದ ಒಂದು ಎಳೆದು ತಂದ. ಅಂಚನ್ನು ಇಲಿ ತಿಂದಿದೆ, ನಂಬರ್ ಅದೇ. ನಿಮ್ಮ ಗುಡ್ಡದ ಅದೇ ಜಾಗವನ್ನು ನೀವೂ ಸ್ವಲ್ಪ ಕಚ್ಚಿಬಿಡಿ.

ಊಟದ ಮೇಜು ಈಗ ರಣರಂಗ. ಊಟ ಮಂಚದ ಮೇಲೆ. ಯಾವುದು ಎಲ್ಲಿ ಇಡಬೇಕು ಹೇಳಿ.

ಇತಿ,
ಸೊಸೆ


ಮಾರ್ಚ್ 4

ಸೊಸೆಗೆ,

ಕಚ್ಚುವುದಕ್ಕೆ ಸ್ವಂತ ಹಲ್ಲು ಸಾಲದು, ಗರಗಸದಲ್ಲಿ ಕೊಯ್ದೆ.

ಬಟ್ಟೆಯ ಒಂದು ಉದ್ದ ಅಂಚಿನಲ್ಲಿ ಉತ್ತ ಹೊಲ ಅಚ್ಚಾಗಿದೆ, ಇನ್ನೊಂದರಲ್ಲಿ ಬರೀ ಹುಲ್ಲು. ಹೊಲ ನಿನ್ನ ಕಡೆ ಬರಲಿ, ಹುಲ್ಲು ನನ್ನ ಕಡೆ. ಹೊಳೆ ನಮ್ಮಿಬ್ಬರ ನಡುವೆ ಹರಿಯುತ್ತದೆ. ನಟ್ಟನಡುವೆ ಸೇತುವೆ. ಹೊಳೆಯ ಒಂದು ತುದಿಯಲ್ಲಿ ಉರುಟುಗಲ್ಲು ಬರೆದು ನೀರು ತೆಳ್ಳಗೆ ತೋರಿಸಿದ್ದಾರಲ್ಲ, ಅಲ್ಲಿ ಕುದುರೆಗಳು ಮಾತ್ರ ದಾಟಬಹುದು. ಮಿಕ್ಕ ಕಡೆಯೆಲ್ಲ ಆಳ. ಇನ್ನು ಗುಡ್ಡ ಬಲಕ್ಕೆ, ಗಿರಣಿ ಎಡಕ್ಕೆ. ಎರಡೂ ನನ್ನ ದಡದಲ್ಲಿ, ನೀರಿನಿಂದ ಒಂದು ಗೇಣು ಒಳಗೆ.

ಇಬ್ಬರದೂ ಸೇರಿ ಹನ್ನೆರಡು ಸರದಿ. ಕೊನೆಗೆ ಸೇತುವೆ ಯಾರ ಕೈಯಲ್ಲಿದೆಯೋ ಅವರು ಗೆದ್ದಂತೆ. ಮೊದಲ ನಡೆ ನನ್ನದು: ಆರೂ ಫಿರಂಗಿ ಗುಡ್ಡದ ಮೇಲೆ, ಕಾಲಾಳು ಸೇತುವೆಯ ಹಿಂದೆ ಎರಡು ಸಾಲು.

ನಿನ್ನ ಅತ್ತೆ ಈಗಲೇ ಧೂಳು ಹೊಡೆಯುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನನಗೆ ಶತ್ರು ಒಬ್ಬಳಲ್ಲ, ಇಬ್ಬರು. "ನಾನೂ ಕೇಳಿದೆ ಅಂತ ಬರೀರಿ" ಅನ್ನುತ್ತಿದ್ದಾಳೆ. ಬರೆದಿದ್ದೇನೆ.

ಇತಿ,
ಮಾವ


ಮಾರ್ಚ್ 15

ಮಾವನವರಿಗೆ,

ನೀವು ಹೇಳಿದ ಹಾಗೇ ಇಟ್ಟಿದ್ದೇನೆ. ಎಡದ ದಂಡು ಹೊಳೆಯ ತನಕ ಬಂದು ನಿಂತಿದೆ. ಬಲದವರು ಅರ್ಧ ದಾರಿ. ದಾಳ ಹಾಕಿದ್ದಕ್ಕೆ ಎರಡು ಬಿತ್ತು, ನಿಮ್ಮ ಮುಂದಿನ ಸಾಲಿನಲ್ಲಿ ಒಬ್ಬನಿಗೂ ಗಾಯವಿಲ್ಲ. ಒಂದು ಕುದುರೆ ದಂಡನ್ನು ಮೀಸಲು ಇಟ್ಟಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ. ನಿಮ್ಮ ಫಿರಂಗಿಗಳು ಆ ಗುಡ್ಡದ ಮೇಲೆ ಯಾರನ್ನು ಕಾಯುತ್ತಿವೆಯೋ, ಅದನ್ನೂ ಕೇಳುವುದಿಲ್ಲ. ಮೀನುಗಳು ಬಿಟ್ಟರೆ ಅಲ್ಲಿಗೆ ಬೇರೆ ಯಾರೂ ಬರುವ ಹಾಗೆ ಕಾಣಲಿಲ್ಲ.

ಅಂಗಡಿಯಲ್ಲಿ ಒಬ್ಬ ಗಿರಾಕಿ ಎಡಗಣ್ಣಿನ ಗಾಜನ್ನು ಬಲಕ್ಕೆ ಹಾಕಿಬಿಟ್ಟಿದ್ದೀರಿ ಎಂದು ಜಗಳಕ್ಕೆ ನಿಂತ. ಚೀಟಿಯಲ್ಲಿ ಬಲ ಎಂದರೆ ಕನ್ನಡಕ ಹಾಕಿಕೊಂಡವರ ಬಲ, ಎದುರಿಂದ ನೋಡುವವರ ಬಲ ಅಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಗಂಟಲು ಒಣಗಿತು. ಕೊನೆಗೆ ಅವನು ಒಪ್ಪಿದ. ಒಪ್ಪಿಯೂ ಕ್ಷಮಿಸಲಿಲ್ಲ.

ಇತಿ,
ಸೊಸೆ


ಏಪ್ರಿಲ್ 9

ಎದುರಾಳಿಯವರಿಗೆ,

ಆರನೇ ಸರದಿ. ಎಡದ ದಂಡಿನಲ್ಲಿ ಇಬ್ಬರು ಬಿದ್ದರು. ನಡುವಿನವರು ಸೇತುವೆಯ ಮೊದಲ ಕಮಾನಿನ ಮೇಲಿದ್ದಾರೆ.

ಮೇಲೆ ಏನೆಂದು ಬರೆಯಬೇಕೆಂದು ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ನಿಮಗೂ ಸುದ್ದಿ ಮುಟ್ಟಿರುತ್ತದೆ. ಕಳೆದ ಮಂಗಳವಾರ ಕೋರ್ಟಿನಲ್ಲಿ ಎಲ್ಲ ಮುಗಿಯಿತು. ಅವರೂ ನಾನೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಕರೆದಾಗ ಎದ್ದು ಹೋಗಿ ಸಹಿ ಹಾಕಿದೆವು. ನನ್ನ ಪೆನ್ನು ಬರೆಯಲಿಲ್ಲ, ಅವರು ತಮ್ಮದು ಕೊಟ್ಟರು. ಎಂಟು ವರ್ಷದಲ್ಲಿ ಕೇಳದೆಯೇ ಕೊಟ್ಟ ವಸ್ತು ಬಹುಶಃ ಅದೊಂದೇ. ಕೆಟ್ಟ ಮನುಷ್ಯ ಅಲ್ಲ ಅವರು. ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಹೆಂಡತಿ ಅಲ್ಲದ ಮೇಲೆ ಸೊಸೆ ಹೇಗೆ, ಸೊಸೆ ಅಲ್ಲದ ಮೇಲೆ ನೀವು ಮಾವ ಹೇಗೆ? ಎದುರಾಳಿ ಎನ್ನುವುದಕ್ಕೆ ಯಾರ ಸಹಿಯೂ ಬೇಕಿಲ್ಲ, ಹಾಗಾಗಿ ಅದನ್ನೇ ಬರೆದೆ.

ಇತಿ,
ಬಿಳಿ ಸೈನ್ಯದವಳು


ಏಪ್ರಿಲ್ 19

ಎದುರಾಳಿಗೆ,

ಆಗಲಿ. ಹಾಗೇ ಕರೆ. ನನಗೆ ಹಿಡಿಸಲಿಲ್ಲ, ಆದರೆ ಬೇರೆ ಏನೂ ತೋಚಲಿಲ್ಲ.

ಏಳನೇ ಸರದಿ. ಕಾಲಾಳು ಸೇತುವೆಯ ಮೇಲೆ ಎದುರೆದುರು. ದಾಳದಲ್ಲಿ ಐದು ಬಿತ್ತು. ನಿನ್ನವರು ಒಂದು ಗೇಣು ಹಿಂದೆ. ಫಿರಂಗಿ ಗುಡ್ಡದ ಮೇಲೇ ಇರುತ್ತವೆ. ಮೀನು ಎಂದು ನೀನು ಬರೆದದ್ದನ್ನು ನಂಬುವಷ್ಟು ದಡ್ಡನಲ್ಲ ನಾನು.

ಈಗ ಇನ್ನೊಂದು ವಿಷಯ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಮಗ ಮತ್ತೆ ಮದುವೆಯಾಗುತ್ತಾನೆ, ಜೂನ್ ಕೊನೆಗೆ. ಹುಡುಗಿ ಔಷಧಿ ಅಂಗಡಿ ನಡೆಸುತ್ತಾಳೆ, ಮೆಲುಮಾತಿನವಳು. ಹಿಂದಿನ ಕೋಣೆ ಖಾಲಿ ಮಾಡಿಕೊಡಬೇಕು, ಅವಳ ದಾಸ್ತಾನು ಇಡಲು ಬೇಕಂತೆ. ಮೊನ್ನೆ ಊಟ ಮಾಡುವಾಗ ಮಗ "ಅಪ್ಪ, ಕೋಣೆ ಮಾತ್ರ ಅಲ್ಲ. ನೀವು ವಾರವಾರ ಅವಳಿಗೆ ಬರೀತಾ ಇದ್ರೆ ಬರೋಳಿಗೆ ಹೇಗನ್ಸುತ್ತೆ? ನನಗೆ ಹೇಗನ್ಸುತ್ತೆ?" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರು ಮಾತಾಡುತ್ತಿದ್ದೆ. "ಈ ಆಟ ಮುಗೀಲಿ. ಮುಗಿದ ಮೇಲೆ ಬರೆಯಲ್ಲ" ಅಂದೆ. ಮಾತು ಕೊಟ್ಟೆ.

ಅತ್ತ ದರಿ, ಇತ್ತ ಪುಲಿ. ಅವನು ನನ್ನ ಮಗ. ನಿನಗೆ ಬೇಸರವಾಗುತ್ತದೆ ಎಂದು ಗೊತ್ತು. ನನಗಂತೂ ಆಗಿದೆ.

ಇತಿ,
ನೀಲಿ ಸೈನ್ಯದವನು


ಮೇ 14

ಎದುರಾಳಿಯವರಿಗೆ,

ತಡವಾಯಿತು. ಕಾಗದ ಬರೆಯಲು ಆಗಲಿಲ್ಲ, ಅದಕ್ಕೆ ಕಾರಣವೇನೂ ಇರಲಿಲ್ಲ. ಬೇಸರವಾಯಿತು. ನಿಮ್ಮ ಮೇಲೆ ಕೋಪವೂ ಬಂತು. ಒಂದು ವಾರ ಮೇಜಿನ ಮೇಲೆ ಹಾಸಿಗೆಯ ಚಾದರ ಮುಚ್ಚಿಟ್ಟಿದ್ದೆ. ಅಡಿಯಲ್ಲಿ ಗುಡ್ಡ ಉಬ್ಬಿಕೊಂಡು ಯಾರೋ ಮಲಗಿದ ಹಾಗೆ ಕಾಣುತ್ತಿತ್ತು, ತೆಗೆದುಬಿಟ್ಟೆ.

ಎಂಟನೇ ಸರದಿ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಇದೂ ಒಂದು ನಡೆಯೇ, ನಿಯಮದಲ್ಲಿ ಇದೆ.

ಆ ಕೋಣೆಯನ್ನು ನಾವು ಮೊದಲು ಯಾವುದಕ್ಕೆಂದು ಬಿಟ್ಟುಕೊಂಡಿದ್ದೆವು ಎಂಬುದು ನಿಮಗೆ ನೆನಪಿದೆ. ಗೋಡೆಗೆ ತೆಳು ಹಳದಿ ಬಣ್ಣ ಹೊಡೆಸಿದ್ದು ಫಿರಂಗಿಗಳಿಗಲ್ಲ, ತೊಟ್ಟಿಲಿಗೆ. ಎರಡನೇ ವರ್ಷವೂ ಹಾಗೇ ಕಳೆದ ಮೇಲೆ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಒಂದು ಭಾನುವಾರ ನೀವು ಯಾರನ್ನೂ ಕೇಳದೆ ಮೇಜು ಎಳೆದುಕೊಂಡು ಒಳಗೆ ಹೋದಿರಿ. "ಬಾಮ್ಮ, ಒಬ್ಬನೇ ಎರಡೂ ಕಡೆ ಆಡಿದ್ರೆ ನಾನೇ ಸೋಲ್ತೀನಿ" ಅಂದಿರಿ. ಆ ಮನೆಯಲ್ಲಿ ನನಗೆ ಕೂರಲು ಒಂದು ಜಾಗ ಮಾಡಿದ್ದು ನೀವು. ಅದನ್ನು ಒಮ್ಮೆಯಾದರೂ ಹೇಳಬೇಕಿತ್ತು, ಈಗ ಹೇಳಿದ್ದೇನೆ.

ಔಷಧಿ ದಾಸ್ತಾನಿಗೆ ಒಳ್ಳೆಯ ಕೋಣೆ. ಬಿಸಿಲು ಬೀಳುವುದಿಲ್ಲ.

ಇತಿ,
ಬಿಳಿ ಸೈನ್ಯದವಳು


ಮೇ 29

ಎದುರಾಳಿಗೆ,

ಒಂಬತ್ತನೇ ಸರದಿ. ನಾವೂ ನಿಂತಲ್ಲೇ ನಿಂತಿದ್ದೇವೆ.

ನಿನ್ನ ಅತ್ತೆ ನಿನ್ನ ಕಾಗದವನ್ನು ಓದಿಸಿ ಕೇಳಿದಳು. ಆಮೇಲೆ ಹೋಗಿ ಆ ಕೋಣೆಯ ಧೂಳು ಹೊಡೆದಳು. ಒಂದು ಸಿಪಾಯಿಯೂ ಬೀಳಲಿಲ್ಲ. ನನಗೆ ಭಯವಾಯಿತು.

ಇಬ್ಬರೂ ಹೀಗೇ ನಿಂತುಕೊಂಡಿದ್ದರೂ ಸರದಿ ಮುಗಿಯುತ್ತವೆ. ಸುಮ್ಮನೆ ನಿಂತು ಸಾಯುವುದಕ್ಕಿಂತ ಸರಿಯಾಗಿ ಆಡಿ ಮುಗಿಸೋಣ. ಹಲ್ಲು ಕೀಳುವಾಗಲೂ ನಿಧಾನ ಮಾಡಿದರೆ ನೋವು ಜಾಸ್ತಿ.

ಇತಿ,
ನೀಲಿ ಸೈನ್ಯದವನು


ಜೂನ್ 14

ಎದುರಾಳಿಯವರಿಗೆ,

ಇದು ಹನ್ನೆರಡನೇ ಸರದಿ. ಕೊನೆಯದು.

ನಿಮ್ಮ ಕಾಲಾಳು ಸೇತುವೆಯ ಮೇಲೆ ನನ್ನವರನ್ನು ಎರಡು ಸಲ ಹಿಂದಕ್ಕೆ ತಳ್ಳಿದರು, ಒಪ್ಪುತ್ತೇನೆ. ಈಗ ಮೀಸಲು ದಂಡಿನ ಬಗ್ಗೆ ಬಾಯಿ ಬಿಡುತ್ತೇನೆ. ನನ್ನ ಕುದುರೆಗಳು ಮೊದಲ ದಿನದಿಂದಲೂ ತೆಳುನೀರಿನ ಎದುರು ನಿಂತಿದ್ದವು. ಈಗ ಅವು ಉರುಟುಗಲ್ಲು ದಾಟಿ, ಗಿರಣಿಯ ಮರೆಯಲ್ಲಿ ಸುತ್ತಿ, ನಿಮ್ಮ ಸೇತುವೆಯ ಕಾವಲಿನ ಬೆನ್ನಿಗೆ ಬಂದವು. ದಾಳ ಹಾಕಿದೆ, ಆರು ಬಿತ್ತು. ಬೇಕಿದ್ದರೆ ನಂಬಿ. ನಿಮ್ಮ ಫಿರಂಗಿಗಳು ಮೇಜಿನ ಆ ಕೊನೆಯ ಗುಡ್ಡದ ಮೇಲೆ ನಿಂತು ನೋಡುವುದೊಂದೇ ಬಾಕಿ. ಸೇತುವೆ ನನ್ನದು.

ಗೆದ್ದೆ. ಗೆದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ತಮಟೆಯವನನ್ನು ಎತ್ತಿ ಸೇತುವೆಯ ನಡುವೆ ನಿಲ್ಲಿಸಿದೆ. ಅವನು ಎಂದಿನ ಹಾಗೆ ಓರೆಗಣ್ಣಲ್ಲಿ ಬೇರೆಲ್ಲೋ ನೋಡುತ್ತಿದ್ದಾನೆ.

ಅತ್ತೆಯವರಿಗೆ ಮೆಟ್ಟಿಲು ಹತ್ತುವುದು ಕಡಿಮೆ ಮಾಡಲು ಹೇಳಿ. ನಿಮ್ಮ ಓದುವ ಕನ್ನಡಕಕ್ಕೆ ಎರಡು ವರ್ಷವಾಯಿತು, ಯಾರ ಹತ್ತಿರವಾದರೂ ಕಣ್ಣು ತೋರಿಸಿ. ಬರುವವಳಿಗೆ ಒಳ್ಳೆಯದಾಗಲಿ, ಅವರಿಗೂ.

ಆಟಕ್ಕೆ ಕರೆದದ್ದಕ್ಕೆ ಋಣಿ.

ಇತಿ ಕೊನೆಯ ಸಲ,
ಬಿಳಿ ಸೈನ್ಯದವಳು


ಜೂನ್ 20

ಎದುರಾಳಿಗೆ,

ಕೊನೆಯ ಸಲ ಎಂದು ಬರೆದಿದ್ದೀಯ. ಅವಸರ ಬೇಡ. ಈ ಕಾಗದವನ್ನು ಮೇಜಿನ ಮುಂದೆ ಕೂತು ಓದು.

ನಿನ್ನ ಕುದುರೆಗಳು ಗಿರಣಿಯ ಮರೆಯಲ್ಲಿ ದಾಟಿದವು ಎಂದು ಓದಿ ಮೊದಲು ನಗು ಬಂತು. ನನ್ನ ಮೇಜಿನಲ್ಲಿ ತೆಳುನೀರಿನ ಹತ್ತಿರ ಗಿರಣಿ ಇಲ್ಲ. ಅಲ್ಲಿರುವುದು ಗುಡ್ಡ. ಗುಡ್ಡದ ಮೇಲೆ ನನ್ನ ಆರೂ ಫಿರಂಗಿ, ಮಾರ್ಚ್ ತಿಂಗಳಿಂದ ಅದೇ ಉರುಟುಗಲ್ಲಿನ ಮೇಲೆ ಬಾಯಿ ತೆರೆದುಕೊಂಡು ನಿನ್ನ ಕುದುರೆಗಳಿಗಾಗಿಯೇ ಕಾಯುತ್ತಿವೆ. ಇಲ್ಲಿ ದಾಟಿದ್ದರೆ ಒಂದು ಕುದುರೆಯೂ ಉಳಿಯುತ್ತಿರಲಿಲ್ಲ. ಹುಡುಗಿ ಗುಡ್ಡವನ್ನೂ ಗಿರಣಿಯನ್ನೂ ಅದಲುಬದಲು ಇಟ್ಟುಕೊಂಡಿದ್ದಾಳೆ, ಬುದ್ಧಿ ಎಲ್ಲಿಟ್ಟಿದ್ದಳೋ ಎಂದುಕೊಂಡೆ.

ಆಮೇಲೆ ನಗು ನಿಂತಿತು. ಗುಡ್ಡ ಬಲಕ್ಕೆ, ಗಿರಣಿ ಎಡಕ್ಕೆ ಎಂದು ಬರೆದವನು ನಾನು. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ನಿನ್ನ ಬಲ. ನಾನು ಕಲಿತ ಕೆಲಸವೇ ಹಾಗೆ. ಹಲ್ಲಿನ ಕೆಲಸದಲ್ಲಿ ಎದುರು ಕೂತವರ ಬಲವೇ ಬಲ, ನಮ್ಮ ಬಲಕ್ಕೆ ಅಲ್ಲಿ ಬೆಲೆಯಿಲ್ಲ. ಮನೆಯಲ್ಲೂ ಬೀದಿಯಲ್ಲೂ ಅದೇ ಅಭ್ಯಾಸ. ಆದರೆ ಕನ್ನಡಕದವಳಾದ ನೀನೂ ಅದೇ ಜಾತಿ. ಬಲ ಎಂದು ಓದಿದ ಕೂಡಲೇ ನನ್ನ ಕುರ್ಚಿಯಲ್ಲಿ ಕೂತು, ನನ್ನ ಬಲ ಯಾವುದೆಂದು ನೋಡಿ, ಗುಡ್ಡವನ್ನು ಅಲ್ಲಿ ಇಟ್ಟೆ. ನಾನು ನಿನ್ನ ಕಡೆಯಿಂದ ಬರೆದೆ, ನೀನು ನನ್ನ ಕಡೆಯಿಂದ ಓದಿದೆ. ದಂಡುಗಳ ಎಡಬಲವೂ ಹಾಗೇ ತಿರುಗಿಕೊಂಡು ಬಂದದ್ದರಿಂದ ಇಷ್ಟು ದಿನ ಇಬ್ಬರಿಗೂ ಗೊತ್ತಾಗಲಿಲ್ಲ. ಹೊಳೆ ಬಟ್ಟೆಗೇ ಅಚ್ಚಾದದ್ದು, ಅದೊಂದು ತಿರುಗಲಿಲ್ಲ.

ನಿನ್ನ ಮೇಜಿನ ಮೇಲೆ ನೀನು ಗೆದ್ದೆ. ನನ್ನ ಮೇಜಿನ ಮೇಲೆ ನಾನು ಗೆದ್ದೆ. ಎರಡು ಮೇಜು ಒಂದೇ ಥರ ಇಲ್ಲದಿದ್ದರೆ ಏನೆಂದು ಜನವರಿಯಲ್ಲೇ ಬರೆದಿದ್ದೆ: ಆಡಿದ್ದು ಲೆಕ್ಕಕ್ಕಿಲ್ಲ.

ಇದನ್ನು ಮಗನಿಗೆ ಮುಚ್ಚಿಡಲಿಲ್ಲ. ಮಾತು ಕೊಟ್ಟವನು ನಾನು. ನಿನ್ನೆ ಅವನು ಕೋಣೆ ಖಾಲಿ ಮಾಡಲು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದ.

"ಮುಗೀತಾ ಅಪ್ಪ? ಯಾರು ಗೆದ್ರು?" ಎಂದು ಕೇಳಿದ.

"ಆಟವೇ ಆಗಿಲ್ಲ ಕಣೋ" ಅಂದೆ. ನಿನ್ನ ಕಾಗದ, ನನ್ನ ಮೇಜು ಎರಡನ್ನೂ ತೋರಿಸಿ, ಬಲ ಎಡದ ಕಥೆ ಪೂರ್ತಿ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. "ಆ ಕಡೆ ಹೋಗಿ ಕೂತು ನೋಡು" ಅಂದೆ. ಇಸ್ತ್ರಿ ಬಟ್ಟೆ ಎತ್ತಿಟ್ಟು ನಿನ್ನ ಕುರ್ಚಿಯಲ್ಲಿ ಕೂತ. ಆರು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಗುಡ್ಡ ನೋಡಿದ, ಗಿರಣಿ ನೋಡಿದ, ಆಮೇಲೆ ತಲೆ ಎತ್ತಿದ. ನನ್ನ ಬೆನ್ನ ಹಿಂದೆ ಹಳದಿ ಗೋಡೆ ಬಿಟ್ಟರೆ ಇನ್ನೇನಿದೆ?

"ಇಲ್ಲಿಂದ ಕಿಟಕಿ ಕಾಣಲ್ವಲ್ಲ ಅಪ್ಪ" ಅಂದ.

"ಇಲ್ಲ."

"ಅವಳು ಇಷ್ಟು ವರ್ಷ ಈ ಗೋಡೆ ನೋಡ್ಕೊಂಡು ಕೂತಿದ್ಲಾ?"

ಹೌದು ಅಂದೆ. ಕಿಟಕಿಯ ಕಡೆಗೆ ಮುಖ ಮಾಡಿದ ಕುರ್ಚಿ ಮೊದಲ ದಿನದಿಂದ ನನ್ನದಾಗಿತ್ತು. ನಿನ್ನ ಬಲ ಯಾವುದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ನನಗೆ ಆ ಗೋಡೆಯ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಅವನು ಎದ್ದು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, ಗಿರಣಿಯನ್ನು ತಾನೇ ಹತ್ತಿಯಲ್ಲಿ ಸುತ್ತಿದ. ಚೆನ್ನಾಗಿ ಸುತ್ತಲು ಬರುವುದಿಲ್ಲ ಅವನಿಗೆ. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತ.

"ಆಟ ಮುಗಿದ ಮೇಲೆ ಬರೆಯಲ್ಲ ಅಂತ ತಾನೇ ನೀವು ಹೇಳಿದ್ದು?"

"ಹೌದು."

"ಹಾಗಾದ್ರೆ ಮುಗಿದ ಮೇಲೆ ನಿಲ್ಸಿ" ಅಂದು ಹೋದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವನಿಗೆ ಇಷ್ಟು ಬುದ್ಧಿ ಯಾರಿಂದ ಬಂತೋ, ನಿನ್ನ ಅತ್ತೆ ತನ್ನಿಂದ ಎನ್ನುತ್ತಾಳೆ.

ನನ್ನ ಮೇಜು ಈಗ ಗೋಡೆಗೆ ಒರಗಿ ನಿಂತಿದೆ. ಕೋಣೆ ಅವರದಾಯಿತು. ಇನ್ನು ಎರಡು ಮೇಜು ಇಟ್ಟುಕೊಂಡು ಆಡುವ ಹಾಗಿಲ್ಲ. ಅದರಿಂದಾದ ಅನಾಹುತವನ್ನು ನೋಡಿಯೂ ಆಯಿತು. ನೀಲಿ ಸೈನ್ಯ ಒಂದೇ ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ, ನೋಡಿದೆ. ಮದುವೆ ಮುಗಿದ ಮೇಲಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ನಿನ್ನ ಊರು. ಬರಲೇ?

ಇತಿ,
ಏನೆಂದು ಸಹಿ ಹಾಕಲಿ, ನೀನೇ ಹೇಳು


ಜೂನ್ 26

ಮಾವ,

ಬನ್ನಿ.

ನಿಮ್ಮ ಕಾಗದ ಓದಿ ಎದ್ದು ಹೋಗಿ ಮೇಜಿನ ಆ ಬದಿಯಲ್ಲಿ, ನಿಮ್ಮ ಕಡೆ ನಿಂತು ನೋಡಿದೆ. ಗುಡ್ಡ ಸರಿಯಾಗಿ ನಿಮ್ಮ ಬಲಕ್ಕೇ ಇತ್ತು. ನಾನು ಇಟ್ಟದ್ದರಲ್ಲಿ ಏನೂ ತಪ್ಪಿಲ್ಲ. ನೀವು ಬರೆದದ್ದರಲ್ಲೂ ಇಲ್ಲ. ಅಂಗಡಿಯಲ್ಲಿ ಮರುದಿನ ಇದನ್ನು ನೆನೆದು ನಗು ತಡೆಯಲಾಗಲಿಲ್ಲ. ಎದುರು ಕೂತಿದ್ದ ಗಿರಾಕಿ ತನ್ನ ಕಣ್ಣಿಗೇ ಏನೋ ಆಗಿದೆ ಎಂದು ಹೆದರಿಕೊಂಡ.

ಗೋಡೆಯ ವಿಷಯ ಅವರು ಕೇಳಿದರು ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ತಡವಾಗಿ ಕೇಳಿದರು. ಆದರೂ ಕೇಳಿದರು. ಬರುವವಳಿಗೆ ಅದು ಉಪಯೋಗಕ್ಕೆ ಬರಲಿ.

ಮೇಜನ್ನು ಕಿಟಕಿಯ ಹತ್ತಿರ ಎಳೆದಿದ್ದೇನೆ. ಗುಡ್ಡ, ಗಿರಣಿ ಎರಡನ್ನೂ ತೆಗೆದು ಮಂಚದ ಮೇಲೆ ಇಟ್ಟಿದ್ದೇನೆ. ಯಾವುದು ಬಲ, ಯಾವುದು ಎಡ ಎಂದು ಬಂದ ಮೇಲೆ ಬೆರಳು ಮಾಡಿ ತೋರಿಸಿ. ಕೆಳಗಿನ ಅಂಗಡಿಯವರ ಹತ್ತಿರ ಇನ್ನೊಂದು ಕುರ್ಚಿ ಕೇಳಿ ತಂದೆ. ಎರಡೂ ಒಂದೇ ಎತ್ತರ. ಅತ್ತೆ ಬರುವುದಾದರೆ ಮೂರನೆಯದನ್ನೂ ಕೇಳುತ್ತೇನೆ, ಧೂಳಿನ ಬಟ್ಟೆ ಮಾತ್ರ ತರುವುದು ಬೇಡ.

ಒಂದೇ ಷರತ್ತು. ಕಿಟಕಿ ಕಾಣುವ ಕುರ್ಚಿ ಈ ಸಲ ನನ್ನದು. ನೀವು ಗೋಡೆ ನೋಡಿಕೊಂಡು ಕೂರಿ. ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಂದು ನಾನು ಹೇಳುತ್ತಿರುತ್ತೇನೆ.

ಇತಿ,
ಸೊಸೆ